ಸಂಜೆಯ ದಾಸೋಹ



ಬಡವರ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರೆ "ಹಣೆಬರಹ, ಬುದ್ಧಿ ಸಾಲದು" ಎಂದುಬಿಡುವವರು ನಮ್ಮ ಭಕ್ತರಲ್ಲಿಯೂ ಇದ್ದಾರೆ. ಕಾಯಕ, ದಾಸೋಹಗಳನ್ನು ಕಲಿಸಿದ ಬಸವಾದಿ ಶರಣರ ಅನುಯಾಯಿಗಳ ಬಾಯಲ್ಲಿ ಈ ಮಾತು ಬರಬಾರದು. ಕಾರಣ ಬೇರೆಯೇ ಇದೆ.

ನಮ್ಮ ಸೀಮೆಯನ್ನೇ ನೋಡಿರಿ. ಹೊಸಪೇಟೆ, ಸಂಡೂರು ಸುತ್ತಣ ತಾಂಡಾಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಂಡ್ಯದ ಕಡೆಗೆ ಸುಗ್ಗಿ ಹೊರಡುತ್ತವೆ. ದೀಪಾವಳಿಯ ಸುಮಾರಿಗೆ ಹೋದವರು ಯುಗಾದಿಗೆ ಮರಳುವುದುಂಟು. ಕಂಪ್ಲಿಯಲ್ಲಿ ಕಾಲುವೆಗೆ ತುಂಗಭದ್ರೆಯ ನೀರು ಬಂದೊಡನೆ ಭತ್ತದ ನಾಟಿ; ತಾಯಿ ಗದ್ದೆಗಿಳಿದರೆ ಕೂಸು ಹಿರಿಯ ಮಗಳ ಕಂಕುಳಿಗೆ. ಹಂಪಿಯಲ್ಲಿ ಶಾಲೆಯ ಹೊತ್ತಿನಲ್ಲಿ ಪ್ರವಾಸಿಗರಿಗೆ ಚಿತ್ರಪಟ ಮಾರುತ್ತ ನಿಂತ ಹುಡುಗರನ್ನು ನಾವು ಕಂಡಿದ್ದೇವೆ. ಸಂಡೂರಿನದು ಇನ್ನೂ ಕಠಿಣ. ಅದಿರಿನ ಬೆಲೆ ಏರಿದ 2000ದ ದಶಕದಲ್ಲಿ ತಂದೆತಾಯಿಯರೊಡನೆ ಮಕ್ಕಳೂ ಅದಿರು ಒಡೆದರು, ಜರಡಿ ಹಿಡಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ. ಆದರೆ ಕೂಲಿ ತಪ್ಪಿದ ಮನೆಯ ಮಗುವಿನ ಪಾಟಿಚೀಲದ ಗತಿ ಏನಾಯಿತೆಂದು ಕೇಳಿದವರು ಕಡಿಮೆ.

ನಾಲ್ಕು ತಿಂಗಳು ಶಾಲೆ ತಪ್ಪಿದರೆ ಏನಾಗುತ್ತದೆ? ಕನ್ನಡದ ಓದು ಮೆಟ್ಟಿಲು ಮೆಟ್ಟಿಲಾಗಿ ಏರತಕ್ಕದ್ದು: ವರ್ಣಮಾಲೆ, ಕಾಗುಣಿತ, ಆಮೇಲೆ ಒತ್ತಕ್ಷರ. ಒತ್ತಕ್ಷರ ಕಲಿಸುವ ತಿಂಗಳುಗಳಲ್ಲಿ ಕಬ್ಬಿನ ಗದ್ದೆಯಲ್ಲಿದ್ದ ಮಗು ಮರಳಿ ಬಂದಾಗ ಪುಸ್ತಕದ ಪ್ರತಿ ಸಾಲಿನಲ್ಲಿಯೂ ಎಡವುತ್ತದೆ. ಮನೆಯಲ್ಲಿ ಅದು ಆಡುವುದು ಲಂಬಾಣಿ ನುಡಿ. ಊಹಿಸಿ ಓದಿಕೊಳ್ಳುವ ಅನುಕೂಲವೂ ಇಲ್ಲ. ಮುಂದೆ ಲೆಕ್ಕದ ಪ್ರಶ್ನೆ ಓದಲಾಗದೆ ಲೆಕ್ಕವೂ ತಪ್ಪುತ್ತದೆ. ಕೂಡಿಸಿ ಕಳೆಯಲು ಬರುವ ಮಗುವಿಗೂ ದಡ್ಡನೆಂಬ ಬಿರುದು! ನಾಚಿಕೆಯಿಂದ ಅದು ಹಿಂದಿನ ಸಾಲಿಗೆ ಸರಿಯುತ್ತದೆ, ಒಂದು ದಿನ ಬರುವುದನ್ನೇ ಬಿಡುತ್ತದೆ.

ಸರಕಾರ ಏನೂ ಮಾಡಿಲ್ಲವೆನ್ನಲಾಗದು. 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿಯೇ ಮಧ್ಯಾಹ್ನದ ಬಿಸಿಯೂಟ ಮೊದಲಾಯಿತು. ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟದ್ದು ನಮಗೆ ಸಂತೋಷ ತಂದಿತು. 2009ರ ಕಾಯಿದೆ ಹದಿನಾಲ್ಕು ವರ್ಷದವರೆಗೆ ಉಚಿತ ಶಿಕ್ಷಣವನ್ನು ಹಕ್ಕಾಗಿಸಿತು. ಕೂಲಿಕಾರ ತಾಯಂದಿರ ಕೂಸುಗಳಿಗಾಗಿ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳೂ ಬಂದಿವೆ. ನಿಮ್ಮೂರಲ್ಲಿದ್ದರೆ ಆ ತಾಯಿಗೆ ತಿಳಿಸಿರಿ, ಅಕ್ಕನು ಶಾಲೆಗೆ ಬಂದಾಳು.

ಆದರೆ ಶಾಲೆಯ ಗಂಟೆ ಬಾರಿಸಿದ ಮೇಲೆ? ಇಕ್ಕಟ್ಟಾದ ಗುಡಿಸಲು, ದಣಿದು ಬಂದ ತಂದೆತಾಯಿ. "ಇಂದು ಏನು ಕಲಿತೆ?" ಎಂದು ಕೇಳುವವರು ಯಾರು? ಈ ಸಂಜೆಯ ಹೊತ್ತೇ ಬಡವರ ಮಗುವಿಗೂ ಉಳ್ಳವರ ಮಗುವಿಗೂ ಅಂತರವನ್ನು ಬೆಳೆಸುತ್ತದೆ. ಸಿದ್ಧಗಂಗೆಯಂತೆ ಜಾತಿಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡಲು ಎಲ್ಲ ಊರುಗಳಿಗೂ ಸಾಧ್ಯವಿಲ್ಲ. ಒಂದು ಪಡಸಾಲೆ, ಒಂದು ದೀಪ, ಹತ್ತು ಮಕ್ಕಳು, ಒಂದು ಹಿಡಿ ಚುರುಮುರಿ, ಇಷ್ಟು ಯಾವ ಓಣಿಗೂ ಸಾಧ್ಯ.

ಕಲಿಸುವ ಕ್ರಮವೂ ಕಷ್ಟದ್ದಲ್ಲ. ನಾವು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ನಿನ್ನೆಯ ಪಾಠವನ್ನು ಒಬ್ಬೊಬ್ಬರಾಗಿ ಒಪ್ಪಿಸದ ಹೊರತು ಗುರುಗಳು ಮುಂದಿನ ಪಾಠ ಹೇಳುತ್ತಿರಲಿಲ್ಲ. ಬೆತ್ತವನ್ನು ಬಿಟ್ಟು ಆ ಪದ್ಧತಿಯನ್ನು ಇಟ್ಟುಕೊಳ್ಳಿರಿ. ಐದನೆಯ ತರಗತಿಯವನಿಗೆ ಕಾಗುಣಿತ ಬಾರದಿದ್ದರೆ ಕಾಗುಣಿತದಿಂದಲೇ ಆರಂಭವಾಗಲಿ. ಹತ್ತನೆಯ ತರಗತಿ ಓದಿದ ಸೊಸೆಯಂದಿರು ನಿಮ್ಮ ಮನೆಗಳಲ್ಲಿಲ್ಲವೇ? ಅವರನ್ನು ಕೂರಿಸಿರಿ; ಅಡಿಗೆ ಅರ್ಧ ತಾಸು ತಡವಾದರೆ ಅತ್ತೆಯಂದಿರು ಸೈರಿಸಲಿ.

ಸುಗ್ಗಿಗೆ ಹೋಗುವವರ ಮಕ್ಕಳ ವಿಷಯಕ್ಕೆ ಮಾತ್ರ ಮೊದಲೇ ಸಿದ್ಧತೆ ಬೇಕು. ಅಜ್ಜಿಯ ಬಳಿ ಬಿಟ್ಟುಹೋಗಲು ತಾಯಿ ಒಪ್ಪುತ್ತಾಳೆ, ಅಜ್ಜಿಗೆ ಕಾಳುಕಡಿಯ ಆಸರೆ ಇದ್ದರೆ. ಈ ಶ್ರಾವಣದಲ್ಲಿ ಮಠಕ್ಕೆ ಬರುವವರು ಹಾರತುರಾಯಿ ತರಬೇಡಿರಿ, ಶಾಲುಗಳು ನಮ್ಮಲ್ಲಿ ಬೇಕಾದಷ್ಟಿವೆ. ನಿಮ್ಮೂರಿನಿಂದ ಸುಗ್ಗಿಗೆ ಹೊರಡುವ ಮನೆಗಳ ಮಕ್ಕಳ ಹೆಸರನ್ನೂ, ಅವರ ಅಜ್ಜಿಯರ ಹೆಸರನ್ನೂ ಬರೆದು ತನ್ನಿರಿ. ದೀಪಾವಳಿಗೆ ಮೊದಲು ಆ ಮನೆಗಳಿಗೆ ಜೋಳ ಮುಟ್ಟಬೇಕು.