ಡಿಸ್ಕ್ ಕೆಟ್ಟಿಲ್ಲ, ಅನುಮತಿ ಇಲ್ಲ ಅಷ್ಟೆ!

ಮದುವೆಯ ಚಿತ್ರೀಕರಣ ಮುಗಿದಿದೆ. ಎರಡು ದಿನಗಳ ದೃಶ್ಯಗಳೆಲ್ಲ ಒಂದೇ ಹಾರ್ಡ್ ಡಿಸ್ಕ್‌ನಲ್ಲಿವೆ. ಸಂಕಲನಕಾರ ಅದನ್ನು ತನ್ನ ಗಣಕಯಂತ್ರಕ್ಕೆ ಜೋಡಿಸುತ್ತಾನೆ. ಕಡತಗಳ ಹೆಸರುಗಳು ಕಾಣುತ್ತವೆ, ತೆರೆಯಹೋದರೆ 'ಆಕ್ಸೆಸ್ ಡಿನೈಡ್' ಎಂಬ ಸಂದೇಶ. ಡಿಸ್ಕ್ ಕೆಟ್ಟಿತೆಂದು ಗಾಬರಿಗೊಂಡ ಯಾರೋ 'ಫಾರ್ಮ್ಯಾಟ್ ಮಾಡಿ ನೋಡೋಣ' ಎನ್ನುತ್ತಾರೆ. ಅನಾಹುತ ನಡೆಯುವುದು ಇಲ್ಲಿಯೇ. ಧಾರೆಯ ಮುಹೂರ್ತವನ್ನು ಮತ್ತೊಮ್ಮೆ ಚಿತ್ರೀಕರಿಸಲು ಬರುವುದಿಲ್ಲ.

ಈ ಸಂದೇಶಕ್ಕೂ ಡಿಸ್ಕ್‌ನ ಆರೋಗ್ಯಕ್ಕೂ ಬಹುತೇಕ ಸಂಬಂಧವಿರುವುದಿಲ್ಲ. ಪ್ರತಿ ಕಡತದ ಒಡೆಯ ಯಾರು, ಅದನ್ನು ಓದಬಲ್ಲವರು ಯಾರು, ತಿದ್ದಬಲ್ಲವರು ಯಾರು ಎಂಬ ವಿವರವೂ ಡಿಸ್ಕ್‌ನಲ್ಲಿ ದಾಖಲಾಗಿರುತ್ತದೆ. ಆದರೆ ಗಣಕಯಂತ್ರ ಒಡೆಯನನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ತೊಡಕಿನ ಮೂಲ ಇದು.

ವಿಂಡೋಸ್‌ನಲ್ಲಿ ಪ್ರತಿ ಖಾತೆಗೂ ಉದ್ದನೆಯ ಗುರುತಿನ ಸಂಖ್ಯೆಯೊಂದಿದೆ. ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ, ಅದೇ ಹೆಸರಿನ, ಅದೇ ಪಾಸ್‌ವರ್ಡ್‌ನ ಖಾತೆ ತೆರೆದರೂ ಸಂಖ್ಯೆ ಬೇರೆಯಾಗುತ್ತದೆ. ಹಳೆಯ ಡಿಸ್ಕ್‌ನ ಪಾಲಿಗೆ ನೀವು ಅಪರಿಚಿತರು! ಫೋಲ್ಡರ್‌ನ 'ಪ್ರಾಪರ್ಟೀಸ್'ನಲ್ಲಿ 'ಸೆಕ್ಯುರಿಟಿ' ವಿಭಾಗ ತೆರೆದು ನೋಡಿ. ಬಳಕೆದಾರನ ಹೆಸರಿರಬೇಕಾದಲ್ಲಿ 'ಎಸ್-1-5-21' ಎಂದು ಆರಂಭವಾಗುವ ಅಂಕಿಗಳ ಸಾಲು ಕಂಡರೆ ರೋಗ ಪತ್ತೆಯಾದಂತೆಯೇ. ಅಲ್ಲಿಯೇ 'ಅಡ್ವಾನ್ಸ್ಡ್'ಗೆ ಹೋಗಿ 'ಓನರ್' ಬದಲಿಸಿ, ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸಿ, ಬಳಿಕ ನಿಮ್ಮ ಖಾತೆಗೆ ಓದುವ, ಬರೆಯುವ ಅನುಮತಿ ಕೊಡಬೇಕು. ಇದರಿಂದ ದೃಶ್ಯಗಳಿಗೆ ಧಕ್ಕೆಯಿಲ್ಲ, ಬದಲಾಗುವುದು ಒಡೆತನದ ದಾಖಲೆ ಮಾತ್ರ. ಆದರೆ ವಿಂಡೋಸ್ ಇರುವ 'ಸಿ' ಡ್ರೈವ್‌ನ ಮೇಲೆ ಈ ಪ್ರಯೋಗ ಬೇಡವೇ ಬೇಡ.

ಮ್ಯಾಕ್‌ನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಮೊದಲು ತೆರೆದ ಖಾತೆಗೆ 501, ಎರಡನೆಯದಕ್ಕೆ 502 ಎಂದು ಸಂಖ್ಯೆ ಬೀಳುತ್ತದೆ. ಎರಡು ಬೇರೆ ಬೇರೆ ಮ್ಯಾಕ್‌ಗಳ ಮೊದಲ ಬಳಕೆದಾರರಿಬ್ಬರೂ 501 ಆಗಿರುವುದರಿಂದ ಡಿಸ್ಕ್ ಅವರನ್ನು ಒಬ್ಬರೆಂದೇ ನಂಬುತ್ತದೆ, ಕೆಲಸ ಸಾಗುತ್ತದೆ. ಅದೇ ಯಂತ್ರದಲ್ಲಿ ಎರಡನೆಯ ಖಾತೆಯವರು ಕುಳಿತ ದಿನ ಬಾಗಿಲು ಮುಚ್ಚಿಕೊಳ್ಳಬಹುದು. ಡಿಸ್ಕ್‌ನ 'ಗೆಟ್ ಇನ್ಫೋ' ಕಿಟಕಿಯ ಕೊನೆಯಲ್ಲಿರುವ 'ಇಗ್ನೋರ್ ಓನರ್‌ಶಿಪ್ ಆನ್ ದಿಸ್ ವಾಲ್ಯೂಮ್' ಎಂಬುದಕ್ಕೆ ಗುರುತು ಹಾಕಿದರೆ ತಕರಾರು ಮುಗಿಯುತ್ತದೆ.

ಫೈಂಡರ್‌ನಲ್ಲಿ ಕಡತ ತೆರೆಯುತ್ತದೆ, ಸಂಕಲನ ತಂತ್ರಾಂಶದಲ್ಲಿ ಮಾತ್ರ ಇಲ್ಲ ಎಂದಾದರೆ ದೋಷ ಬೇರೆಡೆ ಇದೆ. 2019ರ ಕ್ಯಾಟಲಿನಾ ಆವೃತ್ತಿಯಿಂದ ಈಚೆಗೆ, ಹೊರಗಿನ ಡಿಸ್ಕ್ ಮುಟ್ಟಲು ಪ್ರತಿ ತಂತ್ರಾಂಶವೂ ಒಮ್ಮೆ ನಿಮ್ಮ ಒಪ್ಪಿಗೆ ಕೇಳುತ್ತದೆ. ಅವಸರದಲ್ಲಿ 'ಬೇಡ' ಎಂದು ಒತ್ತಿದ್ದು ಯಾರಿಗೆ ನೆನಪಿರುತ್ತದೆ? ಸೆಟ್ಟಿಂಗ್ಸ್‌ನ 'ಪ್ರೈವೆಸಿ' ವಿಭಾಗದಲ್ಲಿ ಅದನ್ನು ಸರಿಪಡಿಸಬಹುದು. ವಿಂಡೋಸ್‌ಗೂ 2017ರಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂಬ ಕಾವಲುಗಾರ ಬಂದಿದ್ದಾನೆ. ಅದು ತಾನಾಗಿ ಚಾಲನೆಯಲ್ಲಿರುವುದಿಲ್ಲ. ಯಾರಾದರೂ ಚಾಲೂ ಮಾಡಿದ್ದರೆ 'ವಿಡಿಯೋಸ್' ಫೋಲ್ಡರ್‌ಗೆ ಬರೆಯುವ ಅಪರಿಚಿತ ತಂತ್ರಾಂಶಗಳನ್ನು ತಡೆಯುತ್ತದೆ.

ಹಲವರು ಮೋಸಹೋಗುವುದು ಇನ್ನೊಂದು ಕಡೆ. ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಕಡತವೊಂದನ್ನು ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ 'ಕಾಪಿ' ಮಾಡಿದರೆ ಅದು ಹೊಸ ಫೋಲ್ಡರ್‌ನ ಅನುಮತಿಯನ್ನು ಪಡೆಯುತ್ತದೆ. ಅದೇ ಡಿಸ್ಕ್‌ನೊಳಗೆ 'ಮೂವ್' ಮಾಡಿದರೆ ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ. ಒಬ್ಬ ಸಂಕಲನಕಾರ ತನ್ನ ಖಾಸಗಿ ಫೋಲ್ಡರ್‌ನಿಂದ ಹತ್ತು ದೃಶ್ಯಗಳನ್ನು ಎಲ್ಲರೂ ಬಳಸುವ ಫೋಲ್ಡರ್‌ಗೆ ಎಳೆದು ಹಾಕಿದರೆ, ಉಳಿದವರಿಗೆ ಆ ಹತ್ತು ಮಾತ್ರ ತೆರೆಯುವುದಿಲ್ಲ. ಇಡೀ ಮಧ್ಯಾಹ್ನ ವ್ಯರ್ಥವಾಗಲು ಇಷ್ಟು ಸಾಕು.

ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು, ಬೇರೆ ತಂತ್ರಾಂಶದ ನೆರವಿಲ್ಲದೆ ಅದರ ಮೇಲೆ ಬರೆಯುವುದಿಲ್ಲ. ಇದಕ್ಕೆ ಅನುಮತಿ ಬದಲಿಸುವುದು ಮದ್ದಲ್ಲ. ಮ್ಯಾಕ್‌ನ ಡಿಸ್ಕನ್ನು ವಿಂಡೋಸ್‌ಗೆ ಜೋಡಿಸಿದರಂತೂ 'ಬಳಸುವ ಮುನ್ನ ಫಾರ್ಮ್ಯಾಟ್ ಮಾಡಿ' ಎಂಬ ಸೂಚನೆಯೇ ಬರುತ್ತದೆ. ಡಿಸ್ಕ್ ಖಾಲಿ ಎಂದು ಇದರ ಅರ್ಥವಲ್ಲ, ವಿಂಡೋಸ್‌ಗೆ ಆ ಲಿಪಿ ಓದಲು ಬಾರದು ಎಂದಷ್ಟೇ. 'ಕ್ಯಾನ್ಸಲ್' ಒತ್ತಿ ಮ್ಯಾಕ್ ಹುಡುಕಿರಿ. ಎರಡೂ ಕಡೆ ಓಡಾಡುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಮಾದರಿ ಅನುಕೂಲ. ಅದರಲ್ಲಿ ಒಡೆತನದ ದಾಖಲೆಯೇ ಇಲ್ಲ. ಆದರೆ 'ಇಜೆಕ್ಟ್' ಮಾಡದೆ ಕೇಬಲ್ ಕಿತ್ತರೆ ಕಡತಗಳ ಪಟ್ಟಿ ಕೆಡುವ ಅಪಾಯ ಹೆಚ್ಚು.

ಬೇಸತ್ತವರು ಕೊನೆಗೆ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟು ಕೈತೊಳೆದುಕೊಳ್ಳುವುದುಂಟು. ನಾಲ್ವರು ಹಂಚಿಕೊಳ್ಳುವ ಡಿಸ್ಕ್‌ನಲ್ಲಿ ಇದು ಜಾಣತನವಲ್ಲ. ಯಾರದೋ ಕೈತಪ್ಪಿನಿಂದ ಮೂಲ ದೃಶ್ಯವೇ ಅಳಿಸಿಹೋಗಬಹುದು. ಮೂಲ ದೃಶ್ಯಗಳ ಫೋಲ್ಡರ್ ಓದಲು ಮಾತ್ರ ತೆರೆದಿರಲಿ. ತಂತ್ರಾಂಶ ತಾನಾಗಿ ಬರೆದುಕೊಳ್ಳುವ ಕ್ಯಾಶೆ, ಪ್ರಿವ್ಯೂ ಕಡತಗಳಿಗೆ, ಸಿದ್ಧಗೊಂಡ ವಿಡಿಯೋಗೆ ಬೇರೆ ಫೋಲ್ಡರ್ ಕೊಡಿ. ಬಾಗಿಲು ತೆರೆದೊಡನೆ ಮಾಡಬೇಕಾದ ಮೊದಲ ಕೆಲಸ, ಎಲ್ಲವನ್ನೂ ಇನ್ನೊಂದು ಡಿಸ್ಕ್‌ಗೆ ನಕಲಿಸುವುದು. ನಕಲಿಸುವಾಗ ಡಿಸ್ಕ್‌ನಿಂದ ಟಕಟಕ ಸದ್ದು ಬಂದರೆ ಅದು ನಿಜಕ್ಕೂ ಡಿಸ್ಕ್‌ನ ದೋಷ. ಆಗ ತಕ್ಷಣ ಅದನ್ನು ನಿಲ್ಲಿಸಿ ಡೇಟಾ ರಿಕವರಿಯವರ ಬಳಿ ಒಯ್ಯಬೇಕು.