ಹಸುಗೂಸಿನ ಡಬ್ಬಿ ಹಾಲು: ನೀರು ಕುದಿಸಿದರಷ್ಟೇ ಸಾಲದು

ಮೊಳಕಾಲ್ಮುರು: ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೆಸರು ತಂದಿರುವುದು ಅದರ ಬಂಡೆ. ರಾವಣನೊಡನೆ ಕಾದಾಡಿದ ಜಟಾಯು ಬಿದ್ದ ಸ್ಥಳವೆಂಬ ನಂಬಿಕೆಯಿಂದ ಭಕ್ತರು ಬೆಟ್ಟವೇರುತ್ತಾರೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಕಿರು ಶಿಲಾಶಾಸನವನ್ನು ಕಾಣಲು ಇತಿಹಾಸಾಸಕ್ತರು ಬರುತ್ತಾರೆ. ಸುತ್ತಲಿನ ಹಳ್ಳಿಗಳಿಗೆ ಈ ಕಲ್ಲಿನ ಇನ್ನೊಂದು ಮುಖವೂ ಪರಿಚಿತ. ಮೊಳಕಾಲ್ಮುರು ಮತ್ತು ಚಳ್ಳಕೆರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿವೆ. ಇಲ್ಲಿ ನೆಲದಡಿಯ ಗಟ್ಟಿ ಶಿಲೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು, ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಕೊಳವೆಬಾವಿಯ ಮೂಲಕ ಮೇಲೆ ಬರುತ್ತದೆ. ಬಾವಿ ಆಳವಾದಷ್ಟೂ ಈ ಸಮಸ್ಯೆ ಬಿಗಡಾಯಿಸುವುದೇ ಹೆಚ್ಚು.

ದೊಡ್ಡವರ ಹಲ್ಲಿನ ಕಲೆ, ಮೂಳೆಯ ನೋವಿನ ವಿಷಯವಾಗಿ ಫ್ಲೋರೈಡ್ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಇದೇ ನೀರಿನಲ್ಲಿ ಹತ್ತು ದಿನದ ಹಸುಗೂಸಿಗೆ ಹಾಲು ಕಲಸುವ ಮನೆಗಳ ಬಗ್ಗೆ ಮಾತು ಕಡಿಮೆ. ಡಬ್ಬಿಯ ಹಾಲು ಎಂದೊಡನೆ ಎಲ್ಲರ ಗಮನ ಯಾವ ಕಂಪನಿ, ಎಷ್ಟು ಬೆಲೆ ಎಂಬುದರತ್ತ ಹರಿಯುತ್ತದೆ. ವಾಸ್ತವದಲ್ಲಿ ಕಲಸಿ ಸಿದ್ಧವಾದ ಹಾಲಿನ ತೂಕದಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪಾಲು ಮನೆಯ ನೀರೇ. ಮಗು ಕುಡಿಯುವುದು ಬಹುಮಟ್ಟಿಗೆ ಆ ನೀರನ್ನು.

ಮೊದಲು ಎದೆಹಾಲಿನ ಮಾತು

ತಾಯಿ ಎಷ್ಟೇ ಫ್ಲೋರೈಡ್ ಇರುವ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಅಂಶ ತೀರಾ ಅಲ್ಪ. ಬಯಲುಸೀಮೆಯ ತಾಯಂದಿರ ಮಟ್ಟಿಗೆ ಎದೆಹಾಲಿನ ಪರವಾಗಿ ಇದಕ್ಕಿಂತ ಬಲವಾದ ವಾದ ಬೇಕಿಲ್ಲ. ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಹಳದಿ ಹಾಲು ಕೆಲವೇ ಚಮಚಗಳಷ್ಟಿರುತ್ತದೆ. ಕೂಸಿನ ಹೊಟ್ಟೆಗೆ ಅಷ್ಟೇ ಸಾಕು. ಅದನ್ನು ಕಂಡು ‘ಹಾಲು ಸಾಲದು’ ಎಂದು ಡಬ್ಬಿ ತರುವ ಮನೆಗಳೇ ಬಹಳ. ಡಬ್ಬಿ ಹಾಲು ಆರಂಭವಾದ ಮೇಲೆ ಮಗು ಚೀಪುವುದು ಕಡಿಮೆಯಾಗುತ್ತದೆ, ಅದರಿಂದಾಗಿ ನಿಜವಾಗಿಯೇ ಹಾಲು ಇಳಿಮುಖವಾಗುತ್ತದೆ. ತಾಯಿಗೆ ಎಚ್‌ಐವಿ ಸೋಂಕಿದ್ದರೂ ವೈದ್ಯರ ನಿಗಾದಲ್ಲಿ ಎಆರ್‌ಟಿ ಔಷಧ ತೆಗೆದುಕೊಳ್ಳುತ್ತಾ ಎದೆಹಾಲು ನೀಡಬಹುದು ಎಂಬುದೇ ಇಂದಿನ ವೈದ್ಯಕೀಯ ನಿಲುವು.

ಆದಾಗ್ಯೂ ತಾಯಿ ತೀರಿಕೊಂಡಿರಬಹುದು, ತೀವ್ರ ನಿಗಾ ಘಟಕದಲ್ಲಿರಬಹುದು, ಕ್ಯಾನ್ಸರ್ ಚಿಕಿತ್ಸೆಯಲ್ಲಿರಬಹುದು. ಅವಳಿ ಮಕ್ಕಳಿಗೆ ಹಾಲು ಸಾಲದೆ ಹೋಗಬಹುದು. ಅಂಥ ಮನೆಗಳಿಗೆ ಡಬ್ಬಿ ಹಾಲು ಅನಿವಾರ್ಯ, ಅದಕ್ಕಾಗಿ ಯಾರೂ ನಾಚಬೇಕಾಗಿಲ್ಲ. ಅವರಿಗೆ ಬೇಕಾಗಿರುವುದು ಸರಿಯಾದ ಮಾಹಿತಿ. 1992ರ ಕೇಂದ್ರ ಕಾಯ್ದೆಯು ಶಿಶು ಹಾಲಿನ ಪುಡಿಯ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ. ಅದು ಸರಿಯಾದ ಕ್ರಮವೇ. ಆದರೆ ಮಾರಾಟದ ಮಾತಿನೊಂದಿಗೆ ಬಳಕೆಯ ತಿಳಿವಳಿಕೆಯೂ ಮರೆಯಾಗಬಾರದಷ್ಟೆ. ಇನ್ನೊಂದು ಮಾತು: ಚಹಾಕ್ಕೆ ಬಳಸುವ ಸಾಮಾನ್ಯ ಹಾಲಿನ ಪುಡಿ ಶಿಶುವಿಗೆ ಸಲ್ಲದು. ನೀರು ಬೆರೆಸಿದ ಹಸುವಿನ ಹಾಲೂ ಅಷ್ಟೆ. ಅದರಲ್ಲಿನ ಪ್ರೋಟೀನ್ ಮತ್ತು ಲವಣಗಳ ಪ್ರಮಾಣವನ್ನು ಎಳೆಯ ಮೂತ್ರಪಿಂಡ ತಾಳದು, ಕಬ್ಬಿಣಾಂಶವೂ ಸಾಲದು.

ಕುದಿಸಿದರೆ ಹೋಗದ್ದು

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಸಾಯುವ ವಸ್ತುವಲ್ಲ. ಕುದಿಯುವಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿದಷ್ಟೂ ಅದರ ಸಾಂದ್ರತೆ ಏರುತ್ತದೆ. ‘ಚೆನ್ನಾಗಿ ಕುದಿಸಿದ್ದೇವೆ, ಇನ್ನೇನು ಭಯ’ ಎಂಬ ಮಾತು ಈ ಭಾಗದಲ್ಲಿ ಅರ್ಧ ಸತ್ಯ.

ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಒಂದು ಕೊಳವೆಬಾವಿಯ ನೀರಿನಲ್ಲಿ 3 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳೋಣ. 60 ಕಿಲೋ ತೂಕದ ವಯಸ್ಕರೊಬ್ಬರು ದಿನಕ್ಕೆ 3 ಲೀಟರ್ ಕುಡಿದರೆ ದೇಹ ಸೇರುವುದು 9 ಮಿಲಿಗ್ರಾಂ, ಅಂದರೆ ಪ್ರತಿ ಕಿಲೋ ತೂಕಕ್ಕೆ 0.15. ಮೂರು ಕಿಲೋ ತೂಕದ ಕೂಸು ಡಬ್ಬಿ ಹಾಲಿನ ಮೂಲಕ ದಿನಕ್ಕೆ ಸುಮಾರು 400 ಮಿಲಿಲೀಟರ್ ನೀರು ಕುಡಿದರೆ 1.2 ಮಿಲಿಗ್ರಾಂ, ಪ್ರತಿ ಕಿಲೋಗೆ 0.4. ಅಂದರೆ ದೊಡ್ಡವರ ಎರಡೂವರೆ ಪಟ್ಟಿಗೂ ಹೆಚ್ಚು. ಆರು ತಿಂಗಳೊಳಗಿನ ಶಿಶುವಿಗೆ ದಿನಕ್ಕೆ 0.7 ಮಿಲಿಗ್ರಾಂ ಗರಿಷ್ಠ ಮಿತಿ ಎಂದು ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 1997ರಲ್ಲಿ ನಿಗದಿಪಡಿಸಿತ್ತು. ನಮ್ಮ ಲೆಕ್ಕದ ಕೂಸು ಆ ಗೆರೆಯನ್ನು ದಾಟಿಯೇ ಹೋಯಿತು.

ಇದರ ಪರಿಣಾಮ ನಾಳೆಯೇ ಕಾಣುವುದಿಲ್ಲ. ಶಾಶ್ವತ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಬಾಲ್ಯದ ಆರಂಭದಲ್ಲಿ. ಕಲೆ ಕಾಣಿಸುವುದು ಆರೇಳು ವರ್ಷದಲ್ಲಿ ಹಲ್ಲು ಹೊರಬಂದಾಗ. ಆಗ ಕಾರಣ ಹುಡುಕಿ ಪ್ರಯೋಜನವಿಲ್ಲ.

ನೈಟ್ರೇಟ್ ಮಾತ್ರ ಅಷ್ಟು ಕಾಲ ಕಾಯುವುದಿಲ್ಲ. ಗೊಬ್ಬರದ ಗುಂಡಿ, ದನದ ಕೊಟ್ಟಿಗೆ, ಚರಂಡಿಗಳ ಸಮೀಪದ ಬಾವಿಗಳಲ್ಲಿ ಅದು ಸೇರಿರುವ ಸಾಧ್ಯತೆ ಹೆಚ್ಚು. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಎಳೆಯ ಶಿಶುವಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ತುಟಿ, ಉಗುರು ನೀಲಿಗಟ್ಟುವುದು ಅದರ ಲಕ್ಷಣ. ಕುದಿಸುವುದರಿಂದ ನೈಟ್ರೇಟ್ ಕೂಡ ಹೋಗದು.

ಯಾವ ನೀರು?

ಮೊಳಕಾಲ್ಮುರು, ಚಳ್ಳಕೆರೆ, ಪಾವಗಡ, ಕೂಡ್ಲಿಗಿ ಭಾಗಗಳಿಗೆ ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆ ರೂಪುಗೊಂಡಿದ್ದರ ಹಿಂದೆ ಈ ಫ್ಲೋರೈಡ್ ಸಂಕಟವೂ ಇದೆ. ಆದರೆ ಕೊಳಾಯಿ ಇದ್ದ ಮಾತ್ರಕ್ಕೆ ಅದರಲ್ಲಿ ಬರುವುದು ನದಿ ನೀರೇ ಆಗಿರಬೇಕೆಂದಿಲ್ಲ. ಇಂದು ಟ್ಯಾಂಕಿಗೆ ಬಿಟ್ಟದ್ದು ನದಿ ನೀರೋ ಕೊಳವೆಬಾವಿಯದೋ ಎಂಬುದನ್ನು ನೀರುಗಂಟಿಯನ್ನೇ ಕೇಳಿ ತಿಳಿಯುವುದು ಮೇಲು.

ಹಳ್ಳಿಗಳಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಇವುಗಳಲ್ಲಿರುವ ಆರ್‌ಒ ಪೊರೆ ಫ್ಲೋರೈಡ್ ಮತ್ತು ನೈಟ್ರೇಟ್‌ಗಳ ಬಹುಪಾಲನ್ನು ತಡೆಯುತ್ತದೆ; ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದ್ದರೆ ಮಾತ್ರ. ಯುವಿ ದೀಪವಷ್ಟೇ ಇರುವ ಮನೆಯ ಯಂತ್ರ ಅಥವಾ ಕ್ಯಾಂಡಲ್ ಫಿಲ್ಟರ್ ಈ ಕೆಲಸ ಮಾಡದು. ಆರ್‌ಒ ನೀರಿನಲ್ಲಿ ಸತ್ವವಿಲ್ಲ ಎಂಬ ಆಕ್ಷೇಪವನ್ನು ಇಲ್ಲಿ ಬದಿಗಿಡಬಹುದು. ಶಿಶುವಿಗೆ ಬೇಕಾದ ಲವಣಗಳು ಪುಡಿಯಲ್ಲೇ ಇವೆ. ನೀರಿನ ಪರೀಕ್ಷೆಗೆ ಸರ್ಕಾರಿ ಪ್ರಯೋಗಾಲಯಗಳಿವೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್‌ಗಳನ್ನೂ ನೀಡಲಾಗಿದೆ. ಬಸಿರಿನ ಕೊನೆಯ ತಿಂಗಳುಗಳಲ್ಲೇ ಈ ಪರೀಕ್ಷೆ ಮಾಡಿಸಿಕೊಂಡರೆ ಬಾಣಂತನದ ಗಡಿಬಿಡಿಯಲ್ಲಿ ಓಡಾಡುವುದು ತಪ್ಪುತ್ತದೆ.

ಬೆಂಗಳೂರು, ದಾವಣಗೆರೆಯಂಥ ನಗರಗಳ ಓದುಗರಿಗೆ ಇದು ದೂರದ ಹಳ್ಳಿಯ ಕಥೆ ಎನಿಸಬಹುದು. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿಗೆ ಬರುವ ಟ್ಯಾಂಕರ್ ನೀರು ಎಲ್ಲಿಯದೆಂದು ಎಷ್ಟು ಮನೆಗಳಿಗೆ ಗೊತ್ತು?

ಪುಡಿಯೂ ನಿರ್ಜಂತುಕವಲ್ಲ

ನೀರು ಶುದ್ಧವಾಯಿತು ಎಂದಾಕ್ಷಣ ಒಲೆ ಆರಿಸುವಂತಿಲ್ಲ. ಆರ್‌ಒ ಘಟಕದಲ್ಲಿ ಶುದ್ಧವಾದ ನೀರು ಮನೆಯ ಕ್ಯಾನಿನಲ್ಲಿ ಮತ್ತೆ ಮಲಿನವಾಗಬಹುದು. ಅದಕ್ಕಿಂತ ಮುಖ್ಯವಾಗಿ, ಸೀಲು ಒಡೆಯದ ಹೊಸ ಡಬ್ಬಿಯ ಪುಡಿಯೂ ಪೂರ್ಣ ನಿರ್ಜಂತುಕವಲ್ಲ. ಅದರಲ್ಲಿ ಕ್ರೋನೊಬ್ಯಾಕ್ಟರ್ ಸಕಜಾಕಿ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯುಂಟು. ಇಂಥ ಸೋಂಕು ಅಪರೂಪ. ಆದರೆ ಎರಡು ತಿಂಗಳೊಳಗಿನ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದ ಅಥವಾ ಕಡಿಮೆ ತೂಕದ ಕೂಸಿಗೆ ತಗುಲಿದರೆ ಮಿದುಳಿನವರೆಗೂ ಹೋಗಬಲ್ಲದು.

ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಮಾರ್ಗಸೂಚಿ, ಕಲಸುವ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಆ ಬಿಸಿಗೆ ಪುಡಿಯಲ್ಲಿನ ರೋಗಾಣು ಉಳಿಯದು. ಉಗುರುಬೆಚ್ಚಗಿನ ನೀರಿನಲ್ಲಿ ಕಲಸುವುದು ಅನೇಕ ಮನೆಗಳ ರೂಢಿ. ಎಳೆಯ ಶಿಶುವಿನ ವಿಷಯದಲ್ಲಿ ಬಿಸಿ ನೀರಿನ ಕ್ರಮವೇ ಸುರಕ್ಷಿತ.

ಉಷ್ಣಮಾಪಕ ಇಲ್ಲದ ಮನೆಯಲ್ಲಿ ಒಂದು ಸುಲಭ ಲೆಕ್ಕವಿದೆ. ಕನಿಷ್ಠ ಒಂದು ಲೀಟರ್ ನೀರನ್ನು ಕೊತಕೊತ ಕುದಿಸಿ, ಮುಚ್ಚಿಟ್ಟು, ಅರ್ಧ ಗಂಟೆಯೊಳಗೆ ಬಳಸಬೇಕು. ಒಂದು ಲೋಟದಷ್ಟು ನೀರನ್ನು ಮಾತ್ರ ಕಾಯಿಸಿದರೆ ಅದು ಬೇಗ ಆರುತ್ತದೆ, ಅರ್ಧ ಗಂಟೆಯ ಲೆಕ್ಕ ಅದಕ್ಕೆ ಒಪ್ಪದು. ಅಳತೆಯ ನೀರನ್ನು ಮೊದಲು ಹಾಕಿ, ಪುಡಿಯನ್ನು ಅನಂತರ ಹಾಕಬೇಕು. ಕಲಸಿದ ಹಾಲಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ತಣಿಸಬೇಕು. ಬೋಗುಣಿಯ ನೀರು ಪಾತ್ರೆಯ ಬಾಯಿಗೆ ತಾಕಬಾರದು. ಮುಂಗೈ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡದೆ ಮಗುವಿನ ಬಾಯಿಗಿಡುವುದು ಸಲ್ಲದು.

ರಾತ್ರಿಯ ಹೊತ್ತಿಗೆಂದು ಮೊದಲೇ ಹಾಲು ಕಲಸಿಡುವ ಬದಲು, ಕುದಿಸಿದ ನೀರನ್ನು ಸ್ವಚ್ಛವಾದ ಒಳ್ಳೆಯ ಫ್ಲಾಸ್ಕಿನಲ್ಲಿ ತುಂಬಿಟ್ಟು ಆಗಾಗ ಕಲಸುವುದು ಉತ್ತಮ. ಕಲಸಿದ ಹಾಲು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಕೂಡದು. ಕೂಸು ಕುಡಿದು ಬಿಟ್ಟದ್ದನ್ನು ಚೆಲ್ಲಲೇಬೇಕು. ದುಬಾರಿ ಪುಡಿ ಎಂದು ಎತ್ತಿಟ್ಟು ಮತ್ತೆ ಬಿಸಿ ಮಾಡಿ ಕುಡಿಸುವುದು ಅಪಾಯ.

ಚಮಚದ ಲೆಕ್ಕ

ಹಲವು ಪುಡಿಗಳಿಗೆ 30 ಮಿಲಿಲೀಟರ್ ನೀರಿಗೆ ಒಂದು ಚಮಚ ಎಂಬ ಅಳತೆ ಇರುತ್ತದೆಯಾದರೂ ಡಬ್ಬಿಯ ಮೇಲಿನ ಬರಹವೇ ಅಂತಿಮ. ಚಮಚವನ್ನು ಒಣಗಿದ ಸ್ವಚ್ಛ ಚಾಕುವಿನ ಬೆನ್ನಿನಿಂದ ಸಮ ಮಾಡಬೇಕು, ಒತ್ತಿ ತುಂಬಬಾರದು. ಒಂದು ಕಂಪನಿಯ ಚಮಚ ಇನ್ನೊಂದರ ಡಬ್ಬಿಗೆ ನಡೆಯದು.

ಎರಡನೇ ವಾರದ ಹೊತ್ತಿಗೆ ದಿನಕ್ಕೆ ಸುಮಾರು 60 ಗ್ರಾಂ ಪುಡಿ ಬೇಕಾಗುತ್ತದೆ. 400 ಗ್ರಾಂ ಡಬ್ಬಿ ಒಂದು ವಾರಕ್ಕೂ ಸರಿಯಾಗಿ ಬಾರದು. ಮಗ್ಗದ ಕೂಲಿ, ಶೇಂಗಾ ಬೆಳೆ ನಂಬಿದ ಮನೆಗೆ ಇದು ಸಣ್ಣ ಖರ್ಚಲ್ಲ. ಪುಡಿ ಉಳಿಸಲು ನೀರು ಹೆಚ್ಚಿಸುವ ಅಭ್ಯಾಸ ಹುಟ್ಟುವುದು ಇಲ್ಲಿಯೇ. ಹೊಟ್ಟೆ ತುಂಬಿದಂತೆ ಕಂಡರೂ ಕೂಸು ತೂಕ ಕಳೆದುಕೊಳ್ಳುತ್ತದೆ, ರಕ್ತದ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಮಗು ಬೇಗ ದಪ್ಪವಾಗಲೆಂದು ಗಟ್ಟಿಯಾಗಿ ಕಲಸುವುದೂ ತಪ್ಪು. ಚಳ್ಳಕೆರೆಯ ಬಿಸಿಲಿನಲ್ಲಿ ಅದು ನಿರ್ಜಲೀಕರಣಕ್ಕೆ ದಾರಿ.

ಪ್ರಮಾಣದ ವಿಷಯ: ಅವಧಿ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ ಮೊದಲ ದಿನ ಪ್ರತಿ ಕಿಲೋ ತೂಕಕ್ಕೆ ಸುಮಾರು 60 ಮಿಲಿಲೀಟರ್, ಕ್ರಮೇಣ ಏರಿಸಿ ವಾರದ ಕೊನೆಗೆ 150. ಮೂರು ಕಿಲೋ ಕೂಸಿಗೆ ದಿನಕ್ಕೆ ಎಂಟು ಬಾರಿ ಎಂದುಕೊಂಡರೆ ಮೊದಲ ದಿನ ಒಂದೊಂದು ಸಲ 20ರಿಂದ 25, ವಾರದ ಕೊನೆಗೆ 55ರಿಂದ 60 ಮಿಲಿಲೀಟರ್. ಇದು ಅಂದಾಜು ಮಾತ್ರ. ಕೂಸು ಮುಖ ತಿರುಗಿಸಿದರೆ ಬಲವಂತ ಬೇಡ. ಮೊದಲ ವಾರದ ನಂತರ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ.

ಬಾಟಲಿಗಿಂತ ಒಳಲೆ

ನಮ್ಮ ಅಜ್ಜಿಯರ ಒಳಲೆ ಈ ವಿಷಯದಲ್ಲಿ ಬಾಟಲಿಗಿಂತ ಮುಂದಿದೆ. ಬಾಟಲಿಯ ಮೂಲೆ, ನಿಪ್ಪಲ್ಲಿನ ರಂಧ್ರಗಳಲ್ಲಿ ಹಾಲಿನ ಜಿಡ್ಡು ಉಳಿಯುತ್ತದೆ. ಬಾಯಿ ತೆರೆದ ಒಳಲೆಯನ್ನು ತಿಕ್ಕಿ ತೊಳೆಯಬಹುದು, ನೀರಿನಲ್ಲಿ ಮುಳುಗಿಸಿ ಕುದಿಸಬಹುದು. ನವಜಾತ ಶಿಶು ಘಟಕಗಳಲ್ಲೂ ಇದೇ ಬಗೆಯ ಪಾತ್ರೆಯ ಬಳಕೆಯಿದೆ. ಕೂಸನ್ನು ಅರೆ ಕುಳಿತ ಭಂಗಿಯಲ್ಲಿ ಹಿಡಿದು, ಮೂತಿಯನ್ನು ಕೆಳದುಟಿಗೆ ತಾಗಿಸಿ, ಅದು ನುಂಗುವ ವೇಗಕ್ಕೆ ತಕ್ಕಂತೆ ಕೊಡಬೇಕು. ಕಾಲ ಮೇಲೆ ಮಲಗಿಸಿಕೊಂಡು ಗಂಟಲಿಗೆ ಸುರಿಯುವ ಹಳೆಯ ರೂಢಿಯನ್ನು ಮಾತ್ರ ಬಿಡಬೇಕು. ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಜೇನು ನೆಕ್ಕಿಸುವುದು, ಸಕ್ಕರೆ ನೀರು, ಬಜೆ ತೇಯ್ದು ಹಾಕುವುದು ಕೂಡ ಬೇಡ. ಜೇನಿನಿಂದ ವರ್ಷದೊಳಗಿನ ಮಕ್ಕಳಿಗೆ ಬಾಟ್ಯುಲಿಸಂ ಎಂಬ ನರಗಳ ಕಾಯಿಲೆ ಬರಬಲ್ಲದು.

ಇಷ್ಟೆಲ್ಲಕ್ಕೂ ಒಲೆ, ಸಾಬೂನು, ಬೆಳಕು ಬೇಕು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿ, ಮಗುವನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಪೂರ್ಣ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಕೂಸೊಂದು ಮೃತಪಟ್ಟ ಸುದ್ದಿ ರಾಜ್ಯದಾದ್ಯಂತ ಚರ್ಚೆಯಾಯಿತು. ಅಂಥ ಗುಡಿಸಲಿನಲ್ಲಿ 70 ಡಿಗ್ರಿಯ ನೀರು ಎಲ್ಲಿಂದ ಬರಬೇಕು?

ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ನೀಡಬೇಕೆಂಬುದು ನಿಯಮ. ಡಬ್ಬಿ ಹಾಲು ಕೊಡುತ್ತಿರುವುದನ್ನು ಬಚ್ಚಿಡದೆ ಅವರ ಮುಂದೆಯೇ ಒಮ್ಮೆ ಕಲಸಿ ತೋರಿಸುವುದು ಒಳ್ಳೆಯದು. ಎದೆಹಾಲನ್ನು ಮತ್ತೆ ಆರಂಭಿಸಲು ಸಾಧ್ಯವೇ ಎಂಬುದನ್ನೂ ಅವರಲ್ಲಿ ಕೇಳಬಹುದು. ಮೊದಲ ವಾರಗಳಲ್ಲಿ ಅದು ಎಷ್ಟೋ ಸಲ ಸಾಧ್ಯ. ಮಗು ಹಾಲು ಚೀಪದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಮೂತ್ರ ಕಡಿಮೆಯಾದರೆ, ತುಟಿ ನೀಲಿಗಟ್ಟಿದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಗೆ ಹೊರಡುವಾಗ ಪುಡಿಯ ಡಬ್ಬಿಯನ್ನೂ ಹಾಲು ಕಲಸಿದ ನೀರನ್ನು ಒಂದು ಸ್ವಚ್ಛ ಬಾಟಲಿಯಲ್ಲೂ ಜೊತೆಗೆ ಒಯ್ದರೆ ವೈದ್ಯರಿಗೆ ಕಾರಣ ಹುಡುಕಲು ನೆರವಾಗುತ್ತದೆ.