605ರ ಕೊನೆಯ ಅರ್ಧ ನಿಮಿಷ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗುವವರೆಗೆ ಬೆಂಗಳೂರಿಗೆ ಬರುವ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು ಎಚ್‌ಎಎಲ್‌ನಲ್ಲಿ. ರಿಚರ್ಡ್ಸ್ ಟೌನ್, ಕುಕ್ ಟೌನ್ ಕಡೆಯವರಿಗೆ ಅದು ದೂರವೇ ಅಲ್ಲ. ಹಲಸೂರು ಕೆರೆ ಬಳಸಿ ದೊಮ್ಮಲೂರು ದಾಟಿದರೆ ಮುಗಿಯಿತು. ಇಲ್ಲಿನ ಹಳಬರ ಮಾತು ವಿಮಾನದ ಕಡೆ ಹೊರಳಿತೆಂದರೆ ಇಂದಿಗೂ 1990ಕ್ಕೆ ಹೋಗಿಯೇ ನಿಲ್ಲುತ್ತದೆ. ಆ ವರ್ಷದ ಫೆಬ್ರುವರಿ 14, ಬುಧವಾರ, ಮಧ್ಯಾಹ್ನ ಒಂದು ಗಂಟೆ ದಾಟಿದ ಹೊತ್ತು. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನ ರನ್‌ವೇ ತಲುಪುವ ಮೊದಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ನೆಲ ಮುಟ್ಟಿತು. ಒಮ್ಮೆ ಪುಟಿದು, ಮತ್ತೆ ಇಳಿದು, ಅಂಚಿನ ದಿಬ್ಬಕ್ಕೆ ಬಡಿದು, ನಿಲ್ದಾಣದ ಗೋಡೆಯ ಆಚೆಯೇ ನಿಂತು ಹೊತ್ತಿಕೊಂಡಿತು. ಒಳಗಿದ್ದವರು 146 ಮಂದಿ. ಸತ್ತವರು 92.

ವಿಮಾನ ಏರ್‌ಬಸ್ ಎ320. ಕಂಪನಿಯ ಕೈಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ಆಕಾಶ ತಿಳಿಯಾಗಿತ್ತು, ಹಗಲು ಬೆಳಕಿತ್ತು, ರನ್‌ವೇ ಕಣ್ಣೆದುರಿಗೇ ಇತ್ತು. ಎರಡು ಎಂಜಿನ್‌ಗಳಿಗೂ ಏನೂ ಆಗಿರಲಿಲ್ಲ, ರೆಕ್ಕೆಯ ಒಂದು ಮೊಳೆಯೂ ಸಡಿಲವಾಗಿರಲಿಲ್ಲ. ಪೈಲಟ್‌ಗಳಿಬ್ಬರೂ ತಲಾ ಒಂಬತ್ತು ಸಾವಿರ ಗಂಟೆಗಿಂತ ಹೆಚ್ಚು ಹಾರಿದವರು. ಅಪಘಾತ ಎಂದೊಡನೆ ನಾವು ಹುಡುಕುವ ಯಾವುದೂ ಅಲ್ಲಿರಲಿಲ್ಲ. ಪೂರ್ವ ಬೆಂಗಳೂರಿನ ಸುರಂಜನ್ ದಾಸ್ ರಸ್ತೆಗೆ ಯಾರ ಹೆಸರಿದೆಯೋ ಆ ಪರೀಕ್ಷಾ ಪೈಲಟ್ 1970ರ ಜನವರಿ 10ರಂದು ಎಚ್‌ಎಎಲ್‌ನ ಮರುತ್ ಯುದ್ಧವಿಮಾನವನ್ನು ಪರೀಕ್ಷಿಸುತ್ತಲೇ ಜೀವ ಬಿಟ್ಟರು. ಹೊಸ ಯಂತ್ರದ ಗುಣಾವಗುಣ ತಿಳಿಯಲೆಂದೇ ಹಾರುವವರ ಅಪಾಯ ಅದು. ಆದರೆ ಟಿಕೆಟ್ ಕೊಂಡು ಊರಿಗೆ ಬರುತ್ತಿದ್ದವರು, ಕೆಟ್ಟಿರದ ವಿಮಾನದಲ್ಲಿ ಕೂತು, ರನ್‌ವೇ ಕಾಣುವಷ್ಟು ಹತ್ತಿರ ಬಂದು ಸತ್ತದ್ದು ಹೇಗೆ?

ಉತ್ತರ ಇರುವುದು ಶಕ್ತಿಯ ಲೆಕ್ಕದಲ್ಲಿ. ಇಳಿಯುವ ವಿಮಾನದ ಬಳಿ ಇರುವ ಬಂಡವಾಳ ಎರಡು: ಎತ್ತರ ಮತ್ತು ವೇಗ. ಎರಡನ್ನೂ ಹದವಾಗಿ ಖರ್ಚು ಮಾಡುತ್ತ ರನ್‌ವೇಯ ತುದಿಗೆ ಬರಬೇಕು. ಖರ್ಚು ಹೆಚ್ಚಾದರೆ ತುಂಬಿಕೊಡುವುದು ಎಂಜಿನ್. ಇದನ್ನು ನಿಯಂತ್ರಿಸಲು ಪೈಲಟ್‌ಗೆ ಇರುವ ಸಾಧನಗಳೂ ಎರಡು. ಮೂತಿಯನ್ನು ಎತ್ತಬಹುದು ಇಲ್ಲವೇ ಇಳಿಸಬಹುದು, ಎಂಜಿನ್ನಿನ ಒತ್ತನ್ನು ಏರಿಸಬಹುದು ಇಲ್ಲವೇ ತಗ್ಗಿಸಬಹುದು. ಎ320ಯ ಕಂಪ್ಯೂಟರ್ ಈ ಕೆಲಸಗಳನ್ನು ಪೈಲಟ್ ಜೊತೆ ಹಂಚಿಕೊಳ್ಳುತ್ತದೆ. ಆ ಹಂಚಿಕೆ ಮಾತ್ರ ಯಾವಾಗಲೂ ಒಂದೇ ಥರ ಇರುವುದಿಲ್ಲ, ಆಯ್ದ ಮೋಡ್ ಬದಲಾದ ಹಾಗೆ ಅದೂ ಬದಲಾಗುತ್ತದೆ.

ಕೊನೆಯ ಹಂತದಲ್ಲಿ ಇರಬೇಕಾದದ್ದು 'ಸ್ಪೀಡ್' ಮೋಡ್. ಆಗ ಪೈಲಟ್ ಮೂತಿಯನ್ನು ಸರಿಪಡಿಸುತ್ತ ಇಳಿಜಾರಿನ ಹಾದಿ ಕಾಯುತ್ತಾನೆ. ವೇಗ ಬಿದ್ದರೆ ಆಟೋಥ್ರಸ್ಟ್ ತಾನಾಗಿ ಎಂಜಿನ್ ಏರಿಸುತ್ತದೆ. 'ಓಪನ್ ಡಿಸೆಂಟ್' ಎಂಬ ಇನ್ನೊಂದು ಮೋಡ್ ಇದೆ, ಮೂವತ್ತು ಸಾವಿರ ಅಡಿಯಿಂದ ಸಲೀಸಾಗಿ ಇಳಿದು ಬರುವುದಕ್ಕೆ. ಅದರಲ್ಲಿ ಎಂಜಿನ್‌ಗಳು ಐಡಲ್‌ನಲ್ಲಿ, ಅಂದರೆ ಕನಿಷ್ಠ ಒತ್ತಿನಲ್ಲಿ, ಸುಮ್ಮನೆ ತಿರುಗುತ್ತಿರುತ್ತವೆ. ವೇಗ ಕಾಯುವುದು ಮೂತಿಯ ಕೆಲಸ. ವೇಗ ಕಡಿಮೆಯಾದರೆ ಮೂತಿ ಇಳಿಸಬೇಕು, ಅಷ್ಟೇ. ಮೇಲಿನ ಆಕಾಶದಲ್ಲಿ ಇದು ಅಚ್ಚುಕಟ್ಟಾದ ಏರ್ಪಾಟು. ನೆಲದ ಹತ್ತಿರ ಇದಕ್ಕೆ ಜಾಗವಿಲ್ಲ.

605 ಕೊನೆಯ ಇಳಿತದಲ್ಲಿದ್ದದ್ದು ಓಪನ್ ಡಿಸೆಂಟ್‌ನಲ್ಲಿ. ಎಡಗಡೆ ಕೂತಿದ್ದ ಕ್ಯಾಪ್ಟನ್ ಫರ್ನಾಂಡಿಸ್ ಕಣ್ಣಿಗೆ ಕಾಣುತ್ತಿದ್ದ ರನ್‌ವೇಯತ್ತ ಕೈಯಾರೆ ವಿಮಾನ ನಡೆಸುತ್ತಿದ್ದರು. ಹಾದಿಗಿಂತ ಕೆಳಗೆ ಹೋಗುತ್ತಿದೆ ಅನ್ನಿಸಿದಾಗ ಮೂತಿ ಎತ್ತಿದರು. ಸ್ಪೀಡ್ ಮೋಡ್‌ನಲ್ಲಾಗಿದ್ದರೆ ಅದು ಸರಿಯಾದ ಕ್ರಮವೇ, ಕಳೆದ ವೇಗವನ್ನು ಎಂಜಿನ್ ತುಂಬಿಕೊಡುತ್ತಿತ್ತು. ಇಲ್ಲಿ ಎಂಜಿನ್ ಐಡಲ್‌ನಲ್ಲೇ ಉಳಿಯಿತು, ಏಕೆಂದರೆ ಯಂತ್ರದ ಲೆಕ್ಕದಲ್ಲಿ ವೇಗ ಕಾಯುವುದು ಮೂತಿಯ ಹೊಣೆ. ಸಾರಿಗೆ ಉಪ್ಪು ಅತ್ತೆ ಹಾಕಿದ್ದಾರೆ ಎಂದು ಸೊಸೆ, ಸೊಸೆ ಹಾಕಿದ್ದಾಳೆ ಎಂದು ಅತ್ತೆ ಅಂದುಕೊಂಡ ಮನೆಯ ಹಾಗೆ, ವೇಗವನ್ನು ನೋಡಿಕೊಳ್ಳುವವರು ಯಾರೂ ಇಲ್ಲವಾದರು.

ಇಳಿಯಲು ಗೊತ್ತುಮಾಡಿದ್ದ ವೇಗ 132 ನಾಟ್, ಅಂದರೆ ಗಂಟೆಗೆ ಸುಮಾರು 244 ಕಿಲೋಮೀಟರ್. ಅದು 106 ನಾಟ್‌ಗೆ ಕುಸಿಯಿತು. ಐದರಲ್ಲಿ ಒಂದು ಪಾಲು ತಾನೇ ಹೋದದ್ದು ಎನ್ನುವಂತಿಲ್ಲ. ರೆಕ್ಕೆ ಹುಟ್ಟಿಸುವ ಎತ್ತುಬಲ ವೇಗದ ವರ್ಗವನ್ನು ಅವಲಂಬಿಸಿದೆ. ರೆಕ್ಕೆ ಗಾಳಿಗೆ ಅದೇ ಕೋನದಲ್ಲಿದ್ದರೆ ಎತ್ತುಬಲ ಮೊದಲಿನ ಮೂರನೇ ಎರಡು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಕೊರತೆ ತುಂಬಲು ಕೋನ ಹೆಚ್ಚಿಸಬೇಕು, ಕೋನ ಹೆಚ್ಚಿದರೆ ಗಾಳಿಯ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದರೆ ವೇಗ ಇನ್ನಷ್ಟು ಬೀಳುತ್ತದೆ. ಎ320ಯ ಕಂಪ್ಯೂಟರ್ ರೆಕ್ಕೆಯ ಕೋನ ಮಿತಿ ಮೀರದಂತೆ ತಡೆಯುವುದರಿಂದ ವಿಮಾನ ಹಿಡಿತ ತಪ್ಪಿ ಉರುಳುವುದಿಲ್ಲ. ಎ320 ಬಂದ ಹೊಸದರಲ್ಲಿ ದೊಡ್ಡದಾಗಿ ಹೇಳಿಕೊಂಡ ಗುಣ ಅದು. ಆದರೆ ಉರುಳದಿರುವುದೇ ಬೇರೆ, ಕೆಳಗಿಳಿಯದಿರುವುದೇ ಬೇರೆ. ಒತ್ತಿಲ್ಲದ ವಿಮಾನ ಮೂತಿ ಎತ್ತಿಕೊಂಡೇ, ಶಿಸ್ತಾಗಿ, ನೆಲಕ್ಕೆ ಇಳಿಯಬಲ್ಲದು.

ಹಾಗಾದರೆ ಆ ಮೋಡ್ ಬಂದದ್ದು ಹೇಗೆ? ವಿಚಾರಣೆ ನಡೆಸಿದ್ದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದ ನ್ಯಾಯಾಲಯ. ಪೈಲಟ್‌ಗಳ ಎದುರಿನ ಫಲಕದಲ್ಲಿ ಎರಡು ತಿರುಗುಗುಂಡಿಗಳು ಅಕ್ಕಪಕ್ಕದಲ್ಲಿವೆ. ಒಂದು ತಲುಪಬೇಕಾದ ಎತ್ತರಕ್ಕೆ, ಇನ್ನೊಂದು ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಎಂಬುದಕ್ಕೆ. ನಿಮಿಷಕ್ಕೆ 700 ಅಡಿ ಇಳಿತ ಆಯ್ದುಕೊಳ್ಳುವ ಬದಲು ಪಕ್ಕದ ಗುಂಡಿಯಲ್ಲಿ 700 ಅಡಿ ಎತ್ತರವನ್ನು ತಿರುಗಿಸಿರಬಹುದು ಎಂಬುದು ಪ್ರಬಲವಾದ ಒಂದು ಊಹೆ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿರುವ ಬೆಂಗಳೂರಿನಲ್ಲಿ 700 ಅಡಿ ಎಂದರೆ ನೆಲದ ಒಳಗೆ. ಯಂತ್ರಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ. ಕೆಳಗೆ ಹೋಗು ಎಂದಿದ್ದಾರೆ, ಹೋಗೋಣ ಎಂದು ಎಂಜಿನ್‌ಗಳನ್ನು ಐಡಲ್‌ಗೆ ತರುತ್ತದೆ. ಊಹೆ ಎಷ್ಟು ಚೆನ್ನಾಗಿ ಹೊಂದಿಕೊಂಡರೂ ಮೋಡ್ ಯಾಕೆ ಬಂತೆಂದು ಖಚಿತವಾಗಿ ಗುರುತಿಸಲಾಗದು ಎಂದೇ ವಿಚಾರಣೆ ಬರೆಯಿತು. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ದಾಖಲಿಸಿದ್ದಕ್ಕೆ ಆ ವರದಿಯ ಬಗ್ಗೆ ನನಗೆ ಗೌರವವಿದೆ.

ಪಾರಾಗುವ ಹಾದಿಗಳು ಇದ್ದವು. ಬಲಗಡೆ ಕೂತಿದ್ದವರು ತಪಾಸಣಾ ಪೈಲಟ್ ಕ್ಯಾಪ್ಟನ್ ಗೋಪುಜ್ಕರ್. ವಿಮಾನ ಐಡಲ್ ಓಪನ್ ಡಿಸೆಂಟ್‌ನಲ್ಲಿ ಇಳಿಯುತ್ತಿದೆ ಎಂಬುದು ಕಾಕ್‌ಪಿಟ್ಟಿನ ಮಾತಿನಲ್ಲೇ ಬಂತು. ಇಬ್ಬರ ಮುಂದೆಯೂ ಇದ್ದ ಫ್ಲೈಟ್ ಡೈರೆಕ್ಟರ್ ಎಂಬ ಮಾರ್ಗಸೂಚಿಗಳೆರಡನ್ನೂ ಆರಿಸಿದ್ದರೆ ಆಟೋಥ್ರಸ್ಟ್ ತಾನಾಗಿ ಸ್ಪೀಡ್ ಮೋಡ್‌ಗೆ ಮರಳುತ್ತಿತ್ತು. ಆರಿದ್ದು ಒಂದು, ಇನ್ನೊಂದು ಉಳಿಯಿತು. ಒಂದನ್ನೇ ಆರಿಸಿದರೆ ಏನೂ ಬದಲಾಗುವುದಿಲ್ಲ. ನಾನೂರು, ಮುನ್ನೂರು, ಇನ್ನೂರು ಅಡಿ ಎಂದು ಯಂತ್ರ ಕೂಗಿ ಹೇಳುತ್ತಿದ್ದಾಗಲೂ ಥ್ರಾಟಲನ್ನು, ಅಂದರೆ ಎಂಜಿನ್ನಿನ ಒತ್ತು ಏರಿಸುವ ಸನ್ನೆಕೋಲನ್ನು, ಮುಂದಕ್ಕೆ ತಳ್ಳಲಿಲ್ಲ ಎಂಬುದೇ ನ್ಯಾಯಾಲಯ ಕೊಟ್ಟ ಸಂಭವನೀಯ ಕಾರಣ. ತಳ್ಳಿದಾಗ ಹೊತ್ತು ಮೀರಿತ್ತು. ದೊಡ್ಡ ಜೆಟ್ ಎಂಜಿನ್ ಐಡಲ್‌ನಿಂದ ಪೂರ್ಣ ಒತ್ತಿಗೆ ಬರಲು ಸೆಕೆಂಡುಗಳು ಬೇಕು. ವಿಮಾನಕ್ಕೆ ಮಾನ್ಯತೆ ಕೊಡುವ ನಿಯಮವೇ ಇದಕ್ಕೆ ಎಂಟು ಸೆಕೆಂಡಿನ ಅವಕಾಶ ಇಟ್ಟು ಲೆಕ್ಕ ಹಾಕುತ್ತದೆ. ಗಾಲ್ಫ್ ಮೈದಾನದ ಮೇಲೆ ಅಷ್ಟು ಸೆಕೆಂಡು ಉಳಿದಿರಲಿಲ್ಲ.

ಆಮೇಲೆ ನಡೆದದ್ದರಲ್ಲಿ ವಿಜ್ಞಾನಕ್ಕಿಂತ ಗದ್ದಲ ಜಾಸ್ತಿ. ಸರಕಾರ ದೇಶದ ಎ320ಗಳನ್ನೆಲ್ಲ ತಿಂಗಳುಗಟ್ಟಲೆ ನೆಲಕ್ಕಿಳಿಸಿತು, ವಿಮಾನ ಖರೀದಿಯ ಬಗ್ಗೆ ಸಿಬಿಐ ಮೊಕದ್ದಮೆ ದಾಖಲಾಯಿತು, ಜನ ಪೈಲಟ್ ಪಕ್ಷ, ವಿಮಾನದ ಪಕ್ಷ ಎಂದು ಎರಡಾದರು. ಕಳೆದ ವರ್ಷಗಳಲ್ಲಿ ಯಾವುದೇ ದುರಂತವಾದರೂ ನಮ್ಮ ರಿಚರ್ಡ್ಸ್ ಪಾರ್ಕಿನ ಬೆಂಚಿನ ಮೇಲೂ ಇದೇ ಎರಡು ಪಕ್ಷ. ಸಂಜೆಯೊಳಗೆ ತೀರ್ಪು ಸಿದ್ಧ.

ನನ್ನ ಅಭಿಪ್ರಾಯ ಹೇಳುವುದಾದರೆ, 'ಪೈಲಟ್‌ಗಳು ವೇಗ ನೋಡಲಿಲ್ಲ' ಎಂಬುದು ನಿಜ, ಆದರೆ ಅದರಿಂದ ಮುಂದಿನ ವಿಮಾನಕ್ಕೆ ಏನೂ ಉಪಯೋಗವಿಲ್ಲ. ಇನ್ನಷ್ಟು ಹುಷಾರಾಗಿರಿ ಎನ್ನಬಹುದು, ಅಷ್ಟೇ. ಅಷ್ಟು ಅನುಭವಸ್ಥರು ಯಾಕೆ ನೋಡಲಿಲ್ಲ ಎಂದು ಕೇಳಿದಾಗ ಮಾತ್ರ ಬದಲಾಯಿಸಬಹುದಾದ ವಸ್ತುಗಳು ಕಣ್ಣಿಗೆ ಬೀಳುತ್ತವೆ: ಅಕ್ಕಪಕ್ಕದ ಗುಂಡಿಗಳು, ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ತೋರುವ ಮೋಡ್, ಆಟೋಥ್ರಸ್ಟ್ ಎಂಜಿನ್ ತಗ್ಗಿಸಿದರೂ ಇದ್ದಲ್ಲೇ ಇರುವ ಏರ್‌ಬಸ್ಸಿನ ಥ್ರಾಟಲ್. ಹಳೆಯ ವಿಮಾನಗಳಲ್ಲಿ ಸಾವಿರಾರು ಗಂಟೆ ಕಳೆದ ಇವರಿಬ್ಬರಲ್ಲಿ ಒಬ್ಬರಿಗೆ ಎ320ಯ ಅನುಭವ ನೂರು ಗಂಟೆಯೂ ಆಗಿರಲಿಲ್ಲ.

ಎರಡು ವರ್ಷ ಕಳೆಯುವ ಮೊದಲೇ ಅದೇ ಫಲಕ ಇನ್ನೊಮ್ಮೆ ಸುದ್ದಿಯಾಯಿತು. 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಏರ್ ಇಂಟರ್ ಕಂಪನಿಯ ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. 3.3 ಡಿಗ್ರಿ ಇಳಿಜಾರು ಬೇಕಿದ್ದಲ್ಲಿ, ಮೋಡ್ ಬೇರೆಯಿದ್ದದ್ದರಿಂದ ಅದೇ ಗುಂಡಿಯಲ್ಲಿ ತಿರುಗಿಸಿದ ಅಂಕಿ ನಿಮಿಷಕ್ಕೆ 3300 ಅಡಿ ಎಂದಾಯಿತು ಎಂಬುದು ತನಿಖೆ ಹೆಚ್ಚು ಸಂಭವನೀಯ ಎಂದ ಕಾರಣಗಳಲ್ಲೊಂದು. ಕಿಟಕಿಯಲ್ಲಿ ಕಾಣುತ್ತಿದ್ದದ್ದು 33 ಎಂಬ ಎರಡು ಅಂಕಿ ಮಾತ್ರ. ಆಮೇಲೆ ಇಳಿತದ ವೇಗವನ್ನು ನಾಲ್ಕು ಅಂಕಿಗಳಲ್ಲಿ ತೋರಿಸುವಂತೆ ಬದಲಾಯಿಸಿದರು. ಎರಡು ಸೊನ್ನೆ ಸೇರಿಸುವುದು ಸಾವಿರ ಬುದ್ಧಿಮಾತಿಗಿಂತ ಕೆಲಸಕ್ಕೆ ಬರುತ್ತದೆ.

ಥ್ರಾಟಲ್ ಅಲುಗುವಂತಿದ್ದರೆ ಬೆಂಗಳೂರಿನ ಅಪಘಾತ ತಪ್ಪುತ್ತಿತ್ತು ಎಂದು ವಾದಿಸುವವರು 2013ರ ಜುಲೈ 6ರ ಸ್ಯಾನ್ ಫ್ರಾನ್ಸಿಸ್ಕೋವನ್ನು ನೋಡಬೇಕು. ಏಷಿಯಾನಾ ಕಂಪನಿಯ ಬೋಯಿಂಗ್ 777, ಅಲುಗುವ ಥ್ರಾಟಲ್‌ಗಳಿರುವ ವಿಮಾನ. ತಿಳಿ ಹಗಲು. ಎಡಗಡೆ ಈ ವಿಮಾನಕ್ಕೆ ಹೊಸಬ, ಬಲಗಡೆ ತರಬೇತುದಾರ. ಆಟೋಥ್ರಾಟಲ್ ವೇಗ ಕಾಯುತ್ತಿದೆ ಎಂದುಕೊಂಡಿದ್ದರು. ಅದು 'ಹೋಲ್ಡ್' ಮೋಡ್‌ಗೆ ಹೋಗಿ ಕೈಕಟ್ಟಿ ಕೂತಿತ್ತು. 137 ನಾಟ್ ಇರಬೇಕಿದ್ದ ವೇಗ 103ಕ್ಕೆ ಬಿತ್ತು, ಎಂಜಿನ್ ಐಡಲ್‌ನಲ್ಲಿ, ವಿಮಾನದ ಬಾಲ ರನ್‌ವೇ ಮುಂದಿನ ಕಡಲಗೋಡೆಗೆ ಬಡಿಯಿತು. 307 ಜನರಲ್ಲಿ ಸತ್ತವರು ಮೂವರು ಎಂಬುದಷ್ಟೇ ಸಮಾಧಾನ. 23 ವರ್ಷ, ಬೇರೆ ಖಂಡ, ಬೇರೆ ಕಾರ್ಖಾನೆ, ನಡೆದದ್ದು ಹೆಚ್ಚುಕಡಿಮೆ ಅದೇ. ಅಮೆರಿಕದ ತನಿಖಾ ಮಂಡಳಿ ಪೈಲಟ್‌ಗಳ ತಪ್ಪನ್ನು ಹೇಳಿದ್ದರ ಜೊತೆಗೆ ಆ ಯಂತ್ರವ್ಯವಸ್ಥೆಯ ಸಿಕ್ಕನ್ನೂ, ಅದನ್ನು ಕೈಪಿಡಿಯಲ್ಲಿ ಸರಿಯಾಗಿ ವಿವರಿಸದಿದ್ದದ್ದನ್ನೂ ಪೂರಕ ಕಾರಣಗಳ ಪಟ್ಟಿಗೆ ಸೇರಿಸಿತು.

ಇಂಥದ್ದಕ್ಕೆ ವಿಮಾನಯಾನ ಕಂಡುಕೊಂಡ ಒಂದು ಗಟ್ಟಿ ತಡೆ, ಇಳಿಯುವ ಮೊದಲಿನ ನಿಗದಿತ ಗೆರೆ. ಮೋಡವಿದ್ದರೆ ಸಾವಿರ ಅಡಿಯಲ್ಲಿ, ನೆಲ ಕಾಣುತ್ತಿದ್ದರೆ ಐನೂರು ಅಡಿಯಲ್ಲಿ ಹಾದಿ, ವೇಗ, ಇಳಿತ ಎಲ್ಲ ಮಿತಿಯೊಳಗಿರಬೇಕು. ಎಂಜಿನ್ ಐಡಲ್‌ನಲ್ಲಿರಕೂಡದು ಎಂಬುದೂ ಅದರಲ್ಲಿ ಸೇರಿದೆ. ಒಂದು ತಪ್ಪಿದರೂ ಕಾರಣ ಹುಡುಕುತ್ತ ಕೂರದೆ ಮೇಲೇರಿ ಇನ್ನೊಂದು ಸುತ್ತು ಬರಬೇಕು, ಪೈಲಟ್‌ಗಳ ಭಾಷೆಯಲ್ಲಿ ಗೋ ಅರೌಂಡ್. ಮೋಡ್ ಯಾವುದು, ಗುಂಡಿ ಯಾವುದು ಎಂಬ ತರ್ಕವೇ ಬೇಕಿಲ್ಲ ಎಂಬುದು ಈ ನಿಯಮದ ಜಾಣತನ.

ಆದರೆ ನಿಯಮ ಇದ್ದೂ 2010ರ ಮೇ 22ರ ಬೆಳಿಗ್ಗೆ ಮಂಗಳೂರಿನಲ್ಲಿ ಅದು ನಡೆಯಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರ ಸಮಸ್ಯೆ 605ರದಕ್ಕೆ ತದ್ವಿರುದ್ಧ: ಎತ್ತರ ಹೆಚ್ಚು, ವೇಗ ಹೆಚ್ಚು. ಗುಡ್ಡದ ಮೇಲಿನ 8033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5200 ಅಡಿ ಮುಗಿದ ಮೇಲೆ ಚಕ್ರ ನೆಲಕ್ಕೆ ತಾಗಿತು, ನಿಲ್ಲಲು ಜಾಗ ಸಾಲಲಿಲ್ಲ. 158 ಜನ ಸತ್ತರು, ಎಂಟು ಮಂದಿ ಉಳಿದರು. ಕ್ಯಾಪ್ಟನ್ ಹಾರಾಟದ ನಡುವೆ ಒಂದು ಗಂಟೆ ನಲವತ್ತು ನಿಮಿಷ ನಿದ್ದೆ ಮಾಡಿದ್ದರು. ಆ ಮಂಪರು ಅವರ ತೀರ್ಮಾನಶಕ್ತಿಯನ್ನು ಮಂಕಾಗಿಸಿರಬಹುದು ಎಂದಿತು ತನಿಖೆ. ಪಕ್ಕದಲ್ಲಿದ್ದ ಸಹ ಪೈಲಟ್ ಗೋ ಅರೌಂಡ್ ಎಂದು ಮೂರು ಸಲ ಹೇಳಿದ್ದು ಧ್ವನಿಮುದ್ರಿಕೆಯಲ್ಲಿದೆ. ಹೇಳಿದರು, ಆದರೆ ಹಿಡಿಯನ್ನು ತಾವೇ ತೆಗೆದುಕೊಳ್ಳಲಿಲ್ಲ. ಹಿರಿಯರ ಕೈಯಿಂದ ಹಿಡಿ ಕಿತ್ತುಕೊಳ್ಳುವುದು ನಮ್ಮ ಕಡೆ ಯಾವ ಕಚೇರಿಯಲ್ಲಿ ಸುಲಭವಿದೆ? ಕಿರಿಯ ಪೈಲಟ್ ಗೋ ಅರೌಂಡ್ ಎಂದರೆ ಕ್ಯಾಪ್ಟನ್ ಮರುಮಾತಿಲ್ಲದೆ ಮೇಲೇರಬೇಕು, ಮೇಲೇರಿದ್ದಕ್ಕೆ ಯಾರನ್ನೂ ಪ್ರಶ್ನಿಸಬಾರದು ಎಂದು ಈಗ ಅನೇಕ ಕಂಪನಿಗಳ ಕೈಪಿಡಿಯಲ್ಲಿದೆ. ಎರಡು ಬಾರಿ ಹೇಳಿಯೂ ಉತ್ತರ ಬರದಿದ್ದರೆ ಹಿಡಿ ತೆಗೆದುಕೊಳ್ಳಲು ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿಸುತ್ತಾರೆ.